ಆಮೆಗಳ ಅಭಯಾರಣ್ಯಕ್ಕೆ ನಾನು ಜನಾಭಿಪ್ರಾಯ ತಂದದ್ದು

ಕಾಶಿಯಲ್ಲಿ ಬಗಲಿಗೆ ಫೈಲು ಸಿಕ್ಕಿಸಿಕೊಂಡು ಗಲ್ಲಿಗೆ ಇಳಿದವನು ಸುಮ್ಮನೆ ಮನೆಗೆ ಮರಳಿದ್ದನ್ನು ನಾನು ಕಂಡಿಲ್ಲ. ಏನೋ ಒಂದು ಆಗಿಯೇ ಆಗುತ್ತದೆ. ಆ ಚಳಿಗಾಲದಿಂದ ಬೇಸಿಗೆಯವರೆಗೆ ನನ್ನ ಬಗಲಲ್ಲಿ ಫೈಲು ಇತ್ತು. ಆದದ್ದರಲ್ಲಿ ನಗಬಹುದಾದಷ್ಟನ್ನು ಬರೆಯುತ್ತೇನೆ.

೧. ಸಾರನಾಥಕ್ಕೆ ಆಟೋ ಹಿಡಿಯಿರಿ

ನಾನು ನರಗುಂದದ ಕಡೆಯ ಹಳ್ಳಿಯವನು. ತುಂಬಿದ ಮಲಪ್ರಭೆಯನ್ನು ಈಜಿ ದಾಟಿದವನು. ಕೇದಾರ ಘಾಟಿನ ಹತ್ತಿರ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವ ಸೋದರಮಾವನ ಮನೆಗೆ ಬಂದು ಎರಡೇ ವರ್ಷದಲ್ಲಿ ಹಿಂದಿ, ಭೋಜಪುರಿ ಎರಡರಲ್ಲೂ ಜಗಳ ಗೆಲ್ಲುವಷ್ಟು ಪಳಗಿದ್ದೆ. ಹಾಗಾಗಿ ದೆಹಲಿಯಿಂದ ಬಂದ ಸರಕಾರಿ ಸಾಹೇಬರೊಬ್ಬರು ಒಂದು ಯೋಜನೆಗೆ ಜನಾಭಿಪ್ರಾಯ ಸಂಗ್ರಹಿಸಲು ಹುಡುಗರನ್ನು ಹುಡುಕುತ್ತಿದ್ದಾರೆ ಎಂದು ಗೊತ್ತಾದಾಗ, ಉಳಿದವರು ಸಾಲಿನಲ್ಲಿ ನಿಂತಿರುವಾಗಲೇ ನಾನು ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತೆ. ಧೈರ್ಯ ಮೆಚ್ಚಿದರು. ಚೆನ್ನಾಗಿ ಮಾಡಿದರೆ ಕೆಲಸ ಕಾಯಂ ಎಂದರು.

ಅವರ ಯೋಜನೆ ಇಷ್ಟು. ಊರ ಮುಂದಿನ ಗಂಗೆಯ ಒಂದು ಪಾಲು ಬಹಳ ಹಿಂದೆಯೇ ಕಾಗದದ ಮೇಲೆ ಆಮೆಗಳ ಅಭಯಾರಣ್ಯ ಆಗಿದೆ. ಅರೆಬೆಂದ ಹೆಣಗಳನ್ನು ತಿಂದು ಆಮೆಗಳು ನದಿ ಸ್ವಚ್ಛ ಮಾಡಲಿ ಅಂತ. ಈಗ ಅದನ್ನು ಅಭಿವೃದ್ಧಿ ಮಾಡುವುದು. ಆಚೆ ದಡದ ಮರಳಿನ ಮೇಲೆ ವೀಕ್ಷಣಾ ಗೋಪುರ, ಬೇಲಿ, ಬೆಂಚು. ಪ್ರವಾಸಿ ಅದನ್ನು ನೋಡಲು ಒಂದು ದಿನ ಹೆಚ್ಚು ಉಳಿದರೆ ಹಳೆಯ ಪೇಟೆಗೆ ಜೀವ ಬರುತ್ತದೆ.

ಮೊದಲ ದಿನ ಸಾಹೇಬರೇ ನನ್ನ ಜೊತೆ ಘಾಟಿಗೆ ಬಂದರು. ನೀರಲ್ಲಿ ಸೊಂಟದ ತನಕ ನಿಂತು ಹಲ್ಲುಜ್ಜುತ್ತಿದ್ದ ಒಬ್ಬ ಮುದುಕನನ್ನು, ಇಲ್ಲಿಯ ಅಭಯಾರಣ್ಯದ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಮುದುಕ ಬಾಯಿ ಮುಕ್ಕಳಿಸಿ ಅಭಯಾರಣ್ಯದೊಳಕ್ಕೇ ಉಗಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ, "ಇಲ್ಲಿ ಅಂಥದ್ದೇನೂ ಇಲ್ಲ ಸಾಹೇಬ್. ಪ್ರಾಣಿ ನೋಡಬೇಕು ಅಂದರೆ ಸಾರನಾಥಕ್ಕೆ ಆಟೋ ಹಿಡೀರಿ. ಜಿಂಕೆ ಇವೆ."

೨. ಐದರಿಂದ ಎಂಟು

ಜಂಗಮವಾಡಿಯ ಗಲ್ಲಿಯಲ್ಲಿ ಒಬ್ಬ ಸೀರೆ ಅಂಗಡಿಯ ಸೇಠ್. ಗಾದಿಯ ಮೇಲೆ ಮೊಣಕೈ ಊರಿ ಮಲಗಿದ ಹಾಗೇ ವ್ಯಾಪಾರ ಮಾಡುವ ಮನುಷ್ಯ. ಯೋಜನೆಗೆ ಪೇಟೆಯಲ್ಲಿ ಎಲ್ಲರಿಗಿಂತ ಮೊದಲು ಜೈ ಅಂದವನು ಅವನೇ. ನಮಗೆ ಲಸ್ಸಿ ತರಿಸಿದ. ಆಮೆಯಂಥ ಪ್ರಾಣಿ ಇಲ್ಲ, ಅದು ನಿಧಾನ, ಅದನ್ನು ನೋಡಿದ ಪ್ರವಾಸಿಯೂ ನಿಧಾನ ಆಗುತ್ತಾನೆ, ಅವಸರದ ಗಿರಾಕಿ ಎಂದೂ ರೇಷ್ಮೆ ಕೊಂಡವನಲ್ಲ ಎಂದು ದೊಡ್ಡ ಭಾಷಣವನ್ನೇ ಮಾಡಿದ. ಇದುವರೆಗೆ ನದಿಯಲ್ಲಿ ಆಮೆ ನೋಡಿದ್ದೀರಾ ಎಂದು ನಾನು ಕೇಳಿದೆ. ನದಿಗೆ ಹೋಗದೆ ಎಷ್ಟು ವರ್ಷ ಆಯಿತೆಂದು ಅವನು ಬೆರಳು ಮಡಚಿ ಎಣಿಸಿದ, ಬೆರಳು ಸಾಲಲಿಲ್ಲ.

ಒಂದೇ ಒಂದು ಸಣ್ಣ ಕೋರಿಕೆ ಅಂದ. ಬೆಳಿಗ್ಗೆ ಹೊತ್ತು ಗಿರಾಕಿ ಬರುವುದಿಲ್ಲ. ಆಮೆಗಳು ಸಂಜೆ ಐದರಿಂದ ಎಂಟರವರೆಗೆ ಮೇಲೆ ಬರುವ ಹಾಗೆ ಏರ್ಪಾಡು ಮಾಡಬೇಕು.

ನಾನು ನಗುವುದರಲ್ಲಿದ್ದೆ. ಪಕ್ಕಕ್ಕೆ ನೋಡಿದರೆ ಸಾಹೇಬರು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು.

೩. ರಸ ಸುರಿಯುವ ಬಾಯಿ

ಆಚೆ ದಡದ ಮರಳಿಗೆ ಇಲ್ಲಿಯವರು ರೇತಿ ಅನ್ನುತ್ತಾರೆ. ಮಳೆಗಾಲದಲ್ಲಿ ಅದು ಪೂರ್ತಿ ಮುಳುಗುತ್ತದೆ, ನೀರು ಇಳಿದ ಮೇಲೆ ಎದ್ದು ಬರುತ್ತದೆ. ಆಗ ದೋಣಿಯವರು ಅಲ್ಲಿ ಗುಂಡಿ ತೋಡಿ, ಗೊಬ್ಬರ ಹಾಕಿ, ಕಲ್ಲಂಗಡಿ, ಸೌತೆ ಬೆಳೆಯುತ್ತಾರೆ. ಮರಳಿನ ಯಾವ ಪಟ್ಟಿ ಯಾರದು ಅನ್ನುವುದಕ್ಕೆ ಪತ್ರವಿಲ್ಲ. ಅಪ್ಪ ಎಲ್ಲಿ ಬೆಳೆದನೋ ಮಗ ಅಲ್ಲಿ, ಅಷ್ಟೇ.

ನಮ್ಮ ಮಾವನ ಯಾತ್ರಿಕರನ್ನು ಘಾಟ್ ಸುತ್ತಿಸುವ ದೋಣಿಯವನಿಗೂ ಅಲ್ಲೊಂದು ಪಟ್ಟಿ ಇತ್ತು. ಬಿರುಬೇಸಿಗೆಯಲ್ಲಿ ದೋಣಿ ಹತ್ತುವವರಿಲ್ಲ. ಆ ಎರಡು ತಿಂಗಳು ಅವನ ಮನೆಯ ಐದು ಬಾಯಿ ನಡೆಯುವುದು ಆ ಹಣ್ಣಿನ ಮೇಲೆಯೇ. ಗೋಪುರಕ್ಕೆ ಸಾಹೇಬರು ಗುರುತು ಹಾಕಿದ್ದ ಜಾಗವೂ ಅದೇ.

ಸಾಹೇಬರನ್ನು ಅವನೇ ದಾಟಿಸಿದ. ಅವರು ದುರ್ಬೀನು ಹಿಡಿದು ಎರಡು ತಾಸು ಆಮೆ ಹುಡುಕಿದರು, ಒಂದೂ ಕಾಣಲಿಲ್ಲ. ಬಿಸಿಲಿಗೆ ಸೋತವರನ್ನು ದೋಣಿಯವನು ತನ್ನ ಚಪ್ಪರದ ಕೆಳಗೆ ಕೂರಿಸಿ ಆ ವರ್ಷದ ಮೊದಲ ಕಲ್ಲಂಗಡಿ ಕೊಯ್ದುಕೊಟ್ಟ. ದೇವರಿಗೆ ಇಡುವ ಮೊದಲು ಇವರಿಗೆ ಕೊಟ್ಟ. ಸಾಹೇಬರು ಒಂದರ ಮೇಲೊಂದು ತುಂಡು ತಿಂದರು. ದೆಹಲಿಯಲ್ಲಿ ಇಂಥ ಹಣ್ಣು ಸಿಗುವುದಿಲ್ಲ ಎಂದು ಮನಸಾರೆ ಹೊಗಳಿದರು. ಆಮೇಲೆ ಗಲ್ಲದಿಂದ ರಸ ಸುರಿಯುತ್ತಿರುವಾಗಲೇ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಈ ಅತಿಕ್ರಮಣ ಎಷ್ಟು ದೂರದವರೆಗಿದೆ ಅಳತೆ ಮಾಡು ಎಂದರು.

ಏನಂದರು ಅಂತ ದೋಣಿಯವನು ಕೇಳಿದ. ಹಣ್ಣು ಬಹಳ ಸಿಹಿ ಅಂದರು ಎಂದೆ. ಮೇಲೆ ನನ್ನ ಕಡೆಯಿಂದಲೂ ಒಂದು ಮಾತು ಸೇರಿಸಿದೆ, "ನಾನು ಆಫೀಸಿನಲ್ಲಿ ಇರೋ ತನಕ ನಿನ್ನ ರೇತಿ ಮುಟ್ಟೋ ಗಂಡಸು ಹುಟ್ಟಿಲ್ಲ." ಅವನು ಮನೆಗೆ ಒಯ್ಯಲು ನನಗೆ ಎರಡು ಹಣ್ಣು ಕಟ್ಟಿಕೊಟ್ಟ. ಆಮೇಲೆ ನಾನು ಅಳತೆ ಮಾಡುವಾಗ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡವನೂ ಅವನೇ.

೪. ಮಾವನ ಅಕ್ಷರ

ಅಭಿಪ್ರಾಯದ ಫಾರಂ ಬಂತು. ಹೆಸರು, ತಂದೆಯ ಹೆಸರು, ಜಾಗ, ಕೆಳಗೆ ಎರಡು ಚೌಕ. ಒಂದರ ಮುಂದೆ 'ಒಪ್ಪಿಗೆ', ಇನ್ನೊಂದರ ಮುಂದೆ 'ಪೂರ್ಣ ಒಪ್ಪಿಗೆ'. ಮೂರನೆಯ ಚೌಕ ಬಿಟ್ಟುಹೋಗಿದೆ ಎಂದು ಸಾಹೇಬರಿಗೆ ತೋರಿಸಿದೆ. ವಿರೋಧ ಇದ್ದವರಿಗೆ ಬೇಸಿಗೆಯ ಕೊನೆಗೆ ಸಭೆ ಇದೆ, ಅಲ್ಲಿ ಹೇಳಲಿ ಎಂದರು.

ನನ್ನ ನಾಗರಿ ಅಕ್ಷರ ನನಗೇ ಓದಲು ಬಾರದು. ಅದನ್ನು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಅಧಿಕಾರಿ ಆದವನು ತಾನೇ ಬರೆಯಬಾರದು ಎಂದು ಮಾವನಿಗೆ ಹೇಳಿ ಫಾರಮಿನ ಕಟ್ಟನ್ನು ಅವರ ಮುಂದಿಟ್ಟೆ. ಮಾವನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೆ ನಲವತ್ತು ವರ್ಷದಿಂದ ಅವರು ಒಬ್ಬರ ಹೆಸರು ಕೇಳಿದ್ದು ಒಂದೇ ಕಾರಣಕ್ಕೆ, ಹಿರಿಯರಿಗೆ ಪಿಂಡ ಇಡಿಸಲಿಕ್ಕೆ.

ದೋಣಿಯವನು ಬಂದು ಕೂತ. ಮಾವ ಕನ್ನಡಕ ಏರಿಸಿ ಅಪ್ಪನ ಹೆಸರು ಕೇಳಿದರು, ಅಜ್ಜನದು ಕೇಳಿದರು, ಮುತ್ತಜ್ಜನದು ಕೇಳಿದರು. ಒಬ್ಬೊಬ್ಬರಿಗೆ ಒಂದೊಂದು ಪಿಂಡ ಇಡುವ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಫಾರಂ ಬರೆದರು. ನಾನು ಕನ್ನಡದಲ್ಲಿ, ಮಾಮಾ, ಇದು ಬದುಕಿದ್ದವರ ಲೆಕ್ಕ ಎಂದೆ.

"ರೇತಿ ಇವಂದಂತ ಯಾವ ಕಾಗದದಾಗ ಐತಲೇ? ಮೂರು ತಲಿ ಹೆಸರು ಸರಕಾರದ ಕಾಗದದಾಗ ಬರಲಿ. ನಾಳೆ ಅದೇ ಇವಂಗ ಆಧಾರ ಆಗತೈತಿ."

"ಹೆಬ್ಬೆಟ್ಟು ಯಾರು ಒತ್ತಬೇಕು?"

"ಮಗ ಇದ್ದಾನಲ್ಲ. ಪಿಂಡ ಇಡಾವ ಹೆಬ್ಬೆಟ್ಟು ಒತ್ತಬಾರದೇನು?"

ಆಧಾರ ಗಟ್ಟಿ ಇರಲಿ ಎಂದು ಮಾವ ಮೂರರಲ್ಲೂ 'ಪೂರ್ಣ ಒಪ್ಪಿಗೆ'ಗೇ ಗುರುತು ಹಾಕಿದರು. ದೋಣಿಯವನು ಮೂರು ಸಲ ಹೆಬ್ಬೆಟ್ಟು ಒತ್ತಿದ. ಸರಕಾರ ತನ್ನ ಅಜ್ಜನ ಹೆಸರು ಕೇಳಿತೆಂದು ಅವನ ಕಣ್ಣು ತುಂಬಿ ಬಂದಿತ್ತು. ತನ್ನ ಸ್ವಂತ ಫಾರಮನ್ನು ಆಮೇಲೆ ಹೆಂಡತಿಯನ್ನು ಕೇಳಿ ಬರೆಸುತ್ತೇನೆ ಎಂದು ಎದ್ದುಹೋದ. ಸುದ್ದಿ ಹಬ್ಬಿ ಮರುದಿನದಿಂದ ಘಾಟಿನ ದೋಣಿಯವರೆಲ್ಲ ತಮ್ಮ ಹಿರಿಯರನ್ನು ಬರೆಸಲು ಸಾಲು ನಿಂತರು.

ನಾನು ತಡೆಯಬಹುದಿತ್ತು. ಆದರೆ ನನ್ನ ಕಟ್ಟು ಉಳಿದ ಹುಡುಗರ ಕಟ್ಟಿಗಿಂತ ಮೂರು ಪಟ್ಟು ದಪ್ಪವಾಗಿತ್ತು. ಸಾಹೇಬರು ಬೆನ್ನು ತಟ್ಟಿ, ಈ ಹುಡುಗನಿಗೆ ಜನರ ನಾಡಿ ಗೊತ್ತು ಎಂದರು. ಸಿಕ್ಕ ಜನರಲ್ಲಿ ಬಹುಪಾಲಿನವರಿಗೆ ನಾಡಿಯೇ ಇರಲಿಲ್ಲ.

೫. ಮೂರಕ್ಕೆ ಒಂದು

ಸಭೆ ನಡೆದದ್ದು ಕಾಶಿಯದೇ ಲಂಕಾ ಬಡಾವಣೆಯ ಹತ್ತಿರ ಒಂದು ಶಾಲೆಯ ಸಭಾಂಗಣದಲ್ಲಿ. ಮೊದಲಿಗೆ ನನ್ನನ್ನು ವೇದಿಕೆಗೆ ಕರೆದು, ಅತಿ ಹೆಚ್ಚು ಒಪ್ಪಿಗೆ ತಂದವನೆಂದು ಚೆಂಡುಹೂವಿನ ಹಾರ ಹಾಕಿದರು. ಸೇಠ್ ಎದ್ದು ನಿಂತು ಚಪ್ಪಾಳೆ ಹೊಡೆದ. ಆಮೇಲೆ ವಿರೋಧ ಇದ್ದವರು ಹೇಳಬಹುದು ಅಂದರು. ದೋಣಿಯವನು ಎದ್ದ. ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

ರೇತಿ ಹೋದರೆ ಬೇಸಿಗೆಗೆ ನನಗೆ ಬೇರೇನೂ ಇಲ್ಲ, ಗೋಪುರ ನೂರು ಮಾರು ಆಚೆಗೆ ಕಟ್ಟಿ, ಕಲ್ಲು ನಾನೇ ಹೊರುತ್ತೇನೆ ಎಂದು ಕೈಮುಗಿದು ಕೇಳಿದ. ಸಾಹೇಬರು ಫೈಲು ತಿರುವಿದರು.

"ಈ ಪಟ್ಟಿಯ ಬಗ್ಗೆ ನಿಮ್ಮ ಮನೆಯಿಂದ ಮೂವರು ಬರೆದುಕೊಟ್ಟಿದ್ದಾರೆ. ಮೂವರದೂ ಪೂರ್ಣ ಒಪ್ಪಿಗೆ."

"ಅವರು ಮೂವರೂ ಸತ್ತಿದ್ದಾರೆ ಸಾಹೇಬ್. ಹರಿಶ್ಚಂದ್ರ ಘಾಟಿನಲ್ಲೇ ಸುಟ್ಟಿದ್ದು."

"ಮರಣ ಪ್ರಮಾಣಪತ್ರ ಇದೆಯಾ?"

ಮುತ್ತಜ್ಜ ಹೋದದ್ದು ಬ್ರಿಟಿಷರ ಕಾಲದಲ್ಲಿ ಎಂದ. ಪತ್ರ ಇಲ್ಲ ಅಂದ ಮೇಲೆ ಸತ್ತಿದ್ದಾರೆಂದು ಇಲಾಖೆ ಹೇಗೆ ನಂಬಬೇಕು ಎಂದು ಸಾಹೇಬರು ಕೇಳಿದರು. ಅದೂ ಅಲ್ಲದೆ ಹೆಬ್ಬೆಟ್ಟು ಹೊಸದಾಗಿಯೇ ಕಾಣುತ್ತಿದೆ, ಯಾರದು ಇದು ಎಂದರು. ನನ್ನದೇ, ಎಂದ ದೋಣಿಯವನು. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ನಾನು ಎದ್ದು ನಿಂತೆ. ತುಂಬಿದ ಹೊಳೆಗೆ ಹಾರಿದವನು ನಾನು, ಒಂದು ಸಭಾಂಗಣದ ತುಂಬ ಜನರಿಗೆ ಹೆದರುವವನಲ್ಲ. ಸಾಹೇಬರು ನನ್ನ ಕಡೆ ನೋಡಿ ಏನು ಅಂದರು. ಕುಡಿಯಲು ನೀರು ಬೇಕಿತ್ತು ಎಂದು ಹೇಳಿ ಕೂತುಕೊಂಡೆ. ನೀರು ತಂದುಕೊಟ್ಟರು.

ಸಾಹೇಬರು ಗುಮಾಸ್ತನಿಗೆ ಬರೆಸಿದರು: ಒಂದೇ ಮನೆ, ಒಪ್ಪಿಗೆ ಮೂರು, ವಿರೋಧ ಒಂದು, ಬಹುಮತದಿಂದ ಒಪ್ಪಿಗೆ. ಮುಂದಿನವರು ಬನ್ನಿ.

ಹೊರಗೆ ಬಂದಾಗ ಮಾವ ಶಾಲೆಯ ಗೇಟಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು. ಪ್ರತಿ ವರ್ಷ ಪಿತೃಪಕ್ಷದಲ್ಲಿ ಆ ಮನೆಯ ಹಿರಿಯರಿಗೆ ದಕ್ಷಿಣೆ ಇಲ್ಲದೆ ಪಿಂಡ ಇಡಿಸುತ್ತಿದ್ದವರು ಅವರೇ. ದೋಣಿಯವನು ನನ್ನ ಮುಖವನ್ನೂ ಹಾರವನ್ನೂ ನೋಡಲಿಲ್ಲ. ಸೀದಾ ಅವರ ಹತ್ತಿರ ಹೋಗಿ ಕಾಲು ಮುಟ್ಟಿದ.

"ಪಂಡಿತ್‌ಜೀ, ಈ ಸಲ ನಮ್ಮ ಮನೆಯ ಮೂರು ಪಿಂಡ ಸಾಹೇಬರ ಆಫೀಸಿಗೇ ಕಳಿಸಿಬಿಡಿ. ನಮ್ಮವರು ಈಗ ಆ ಕಡೆ ಸೇರಿಕೊಂಡಿದ್ದಾರೆ."