ಬಿಳಿ ಬಟ್ಟೆಯ ಊಟ

ಮಕ್ಕಳಿಗೆ ಬಟ್ಟೆ ತೊಡಿಸುವ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಪುಣೆಯಲ್ಲಂತೂ ಇನ್ನೂ ಹುಟ್ಟಿಲ್ಲ ಎಂದೇ ನಾನು ತಿಳಿದಿದ್ದೆ. ತೊಟ್ಟಿಲ ಕೂಸಿನ ಕುಲಾವಿಯಿಂದ ಹಿಡಿದು ಮದುವೆಯ ಬಾಸಿಂಗದವರೆಗೆ, ನಮ್ಮ ಬಳಗದ ಎಷ್ಟು ಮಕ್ಕಳು ನನ್ನ ಕೈಯಲ್ಲಿ ಸಿಂಗಾರಗೊಂಡು ಹೊರಬಿದ್ದಿದ್ದಾರೋ ಆ ದೇವರಿಗೇ ಗೊತ್ತು. ಅಳುವ ಮಕ್ಕಳು, ಓಡುವ ಮಕ್ಕಳು, ತೋಳಿನಲ್ಲಿ ಕೈ ಹಾಕು ಅಂದರೆ ಕಾಲು ಹಾಕುವ ಮಕ್ಕಳು, ಎಲ್ಲರನ್ನೂ ಕಂಡಿದ್ದೇನೆ. ಹಾಗಿರುವಾಗ ಹಡಗಿನ ಊಟಕ್ಕೆ ಎರಡು ಮೊಮ್ಮಕ್ಕಳನ್ನು ತಯಾರು ಮಾಡುವುದು ನನಗೆ ಯಾವ ದೊಡ್ಡ ಕೆಲಸ?

ಹಡಗಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನನ್ನ ಮಗ ಅಮರನದು ಭೋಸರಿಯಲ್ಲಿ ಸಣ್ಣ ವರ್ಕ್‌ಶಾಪ್. ದಿನವಿಡೀ ಕಬ್ಬಿಣ ಕೊರೆಯುವ ಸದ್ದು ಕೇಳಿ ಕೇಳಿ ಅವನಿಗೆ ನಾವು ಮೆಲ್ಲಗೆ ಮಾತಾಡಿದರೆ ಕೇಳಿಸುವುದೇ ಇಲ್ಲ. ಸೊಸೆ ರಂಜನಾ ಪಿಂಪ್ರಿಯಲ್ಲಿ ಆಫೀಸಿಗೆ ಹೋಗುತ್ತಾಳೆ, ಬಂದ ಮೇಲೆ ಮನೆಯಲ್ಲಿ ಇನ್ನೊಂದು ಆಫೀಸು. ಇಬ್ಬರಿಗೂ ದಣಿವಾಗಿತ್ತು. ಈ ಸಲ ಮಕ್ಕಳ ರಜೆಯಲ್ಲಿ ಮುಂಬಯಿಯಿಂದ ಹಡಗು ಹತ್ತಿ, ಗೋವಾದ ಕಡೆ ಸುತ್ತಾಡಿ, ನೀರಿನ ಮೇಲೆಯೇ ಉಂಡು ಮಲಗಿ ತಿರುಗಿ ಬರೋಣ ಎಂದು ಗಟ್ಟಿಯಾಯಿತು. ನಾನು, ನಮ್ಮ ಮನೆಯವರು ಫಕೀರಪ್ಪನವರು, ಮಗ, ಸೊಸೆ, ಮೊಮ್ಮಗಳು ಇಂಪನಾ, ಅವಳ ತಮ್ಮ ಋಷಿಕೇಶ. ಇಷ್ಟು ಜನ.

ನಮ್ಮ ಕೆಳಗಿನ ಫ್ಲ್ಯಾಟಿನ ಸಿಂಧೂರ ಮೈಸೂರು ಕಡೆಯ ಹುಡುಗಿ, ಕಂಪ್ಯೂಟರ್ ಕಂಪನಿಯವಳು. ಇಂಥ ಹಡಗಿನಲ್ಲಿ ಹೋಗಿ ಬಂದವಳು. ಸುದ್ದಿ ಕೇಳಿ ಮೇಲೆ ಬಂದಳು.

"ಆಂಟಿ, ಅಲ್ಲಿ ಡಿನ್ನರ್‌ಗೆ ಸುಮ್ನೆ ಹೋಗೋಕಾಗಲ್ಲ. ಒಂದಿನ ಫುಲ್ ವೈಟ್ ಹಾಕ್ಕೋಬೇಕು, ಮಕ್ಕಳಿಗೂ ಅಷ್ಟೇ. ಇಲ್ಲಾಂದ್ರೆ ಮೇಲಿನ ಹಾಲ್‌ಗೆ ಬಿಡಲ್ಲ. ಕೆಳಗಡೆ ಮಾಮೂಲಿ ಹಾಲ್‌ನಲ್ಲಿ ತಿನ್ಕೊಂಡು ಬರಬೇಕು."

"ಊಟಕ್ಕ ಬಿಳಿ ಬಟ್ಟಿ?" ಅಂದರು ನಮ್ಮ ಮನೆಯವರು. "ಅಲ್ಲಿ ಸಾರು ಮಾಡೂದಿಲ್ಲೇನು?"

ಅವರಿಗೇನು, ಜೀವಮಾನವಿಡೀ ಬಿಳಿ ಧೋತರ ಉಟ್ಟವರು. ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ತಲೆಗೂದಲು ಬೆಳ್ಳಗಾಗುವವರೆಗೆ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿ ಇಟ್ಟವರು. ನನ್ನ ಹತ್ತಿರವೂ ಬಿಳಿ ನೂಲಿನ ಸೀರೆ ಇತ್ತು. ಮಕ್ಕಳಿಗೆ ರಂಜನಾ ಅಂಗಡಿ ಅಂಗಡಿ ತಿರುಗಿ ಒಂದು ಬಿಳಿ ಫ್ರಾಕು, ಒಂದು ಬಿಳಿ ಅಂಗಿ-ಪ್ಯಾಂಟು ತಂದಳು. ಅಮರ ಆ ಸಂಜೆಗೆಂದೇ ಮೇಲಿನ ಹಾಲಿನಲ್ಲಿ ಕಿಟಕಿ ಪಕ್ಕದ ಮೇಜು ಹೇಳಿಟ್ಟ.

ಬಿಳಿ ಬಟ್ಟೆಯ ದಿನ ಬಂತು. ಚಹಾ ಕುಡಿದಾದ ಮೇಲೆ ರಂಜನಾ ನಮ್ಮ ಕೋಣೆಗೆ ಬಂದು ಬಾಗಿಲ ಹತ್ತಿರ ನಿಂತಳು. ಮಕ್ಕಳು ನಮ್ಮ ಕೋಣೆಯಲ್ಲೇ ಮಲಗುತ್ತಿದ್ದರು.

"ಅತ್ತಿ, ಒಂದ ಮಾತ ಕೇಳ್ಲೇನ್ರಿ? ಮದಿವ್ಯಾದಾಗಿಂದ ನಾನೂ ಇವರೂ ಒಂದ ಸಂಜಿ ಸುಮ್ಮನ ಕೂತಿಲ್ರಿ. ಇವತ್ತ ಮ್ಯಾಲ ಡೆಕ್ಕಿನ್ಯಾಗ ಕುರ್ಚಿ ಹಾಕ್ಕೊಂಡು ಕೂತು ಹೊತ್ತು ಮುಳಗೂದು ನೋಡಬೇಕಂತ ಮನಸ್ಸಾಗೇದ. ಮಕ್ಕಳನ್ನ ಒಂದೀಟು..."

"ಮುಂದ ಹೇಳಬ್ಯಾಡ," ಅಂದೆ. "ಹೋಗು. ಮಕ್ಕಳನ್ನ ತಯಾರ ಮಾಡಿ ಊಟದ ಹಾಲಿಗೆ ನಾನ ಕರಕೊಂಡ ಬರ್ತೀನಿ. ನೀವಿಬ್ರೂ ಸೀದಾ ಅಲ್ಲಿಗೇ ಬರ್ರಿ."

"ಏನರ ಬೇಕಾದ್ರ ಇಂಪನಾನ್ನ ಮ್ಯಾಲ ಕಳಸ್ರಿ. ಓಡಿ ಬರ್ತೀನಿ."

"ಕಳಸೂದಿಲ್ಲ. ಇವತ್ತೊಂದ ಸಂಜಿ ನಿನ್ನ ಮಕ್ಕಳು ನನ್ನವು. ಅಂಗಿ ಗುಂಡಿ ಹಾಕೂದ್ರಾಗ ನಿನ್ನ ಸಲಹಾ ಕೇಳೂವಷ್ಟು ನನಗ ಇನ್ನೂ ಮುಪ್ಪ ಬಂದಿಲ್ಲ."

ಅವಳು ನಕ್ಕು ಹೋದಳು. ಹೋಗುವಾಗ ಚಪ್ಪಲಿ ಸದ್ದು ಸಹ ಹಗುರವಾಗಿ ಕೇಳಿಸಿತು. ಆ ಹುಡುಗಿ ಹಾಗೆ ನಡೆದದ್ದನ್ನು ನಾನು ಕೇಳಿ ಬಹಳ ದಿನ ಆಗಿತ್ತು. ಏನೇ ಆದರೂ ಅವಳನ್ನು ಕುರ್ಚಿಯಿಂದ ಎಬ್ಬಿಸಬಾರದು ಎಂದು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಹೊಸ ಬಟ್ಟೆಯನ್ನು ನಮ್ಮಲ್ಲಿ ಹಾಗೇ ಮೈಗೆ ಹಾಕುವುದಿಲ್ಲ. ಒಂದು ಮೂಲೆಗೆ ತುಸು ಅರಿಶಿನ ಹಚ್ಚಿ, ದೇವರನ್ನು ನೆನೆದು, ಆಮೇಲೆ ತೊಡುವುದು. ಚೀಲದಿಂದ ಅರಿಶಿನದ ಡಬ್ಬಿ ತೆಗೆದೆ. ಹಡಗಿನವರ ಚಹಾ ಕಪ್ಪಿನಲ್ಲಿ ನೀರು ಹಾಕಿ ಕಲಸಿದೆ. ಮುಂದೆ ಮೇಜಿನ ಮೇಲೆ ಫ್ರಾಕನ್ನೂ ಅಂಗಿ-ಪ್ಯಾಂಟನ್ನೂ ಹರವಿದೆ.

"ಏನ ಮಾಡಾಕತ್ತಿ?" ಅಂದರು ಫಕೀರಪ್ಪನವರು.

"ಅರಿಷಿಣ ಹಚ್ಚತೀನಿ."

"ಬಿಳಿ ಬಟ್ಟಿಗೆ?"

"ಹೊಸಾ ಬಟ್ಟಿಗೆ."

"ಹಚ್ಚಲಿಲ್ಲಂದ್ರ ಹಡಗ ಮುಳಗತದೇನು?"

"ನೀರಿನ ಮ್ಯಾಲ ಕೂತು ಅಂಥಾ ಮಾತ ಆಡಬ್ಯಾಡ್ರಿ."

ಹಡಗು ಮುಳುಗಲಿಲ್ಲ. ಒಂದಿಷ್ಟು ವಾಲಿತು, ಅಷ್ಟೇ. ಅದು ವಾಲಿದ ಕಡೆಗೆ ಕಪ್ಪೂ ವಾಲಿತು. ಚಿಟಿಕೆಯಷ್ಟು ಅರಿಶಿನ ಕೊಡಬೇಕಾದ ಅಂಗಿಗೆ ಕಪ್ಪಿನಷ್ಟು ಕೊಟ್ಟಂತಾಯಿತು. ಎದೆಯಿಂದ ಹೊಟ್ಟೆಯವರೆಗೆ ಹರಿದು ಪ್ಯಾಂಟಿನ ಮೊಣಕಾಲಲ್ಲಿ ಹೋಗಿ ನಿಂತಿತು. ಫ್ರಾಕಿನ ಮೇಲೆ ನಾಲ್ಕು ಹನಿ ಬಿದ್ದವು.

ಅರಿಶಿನಕ್ಕೆ ಸಾಬೂನು ತಾಗಿದರೆ ಏನಾಗುತ್ತದೆ ಎಂದು ಅಡುಗೆಮನೆ ಕಂಡವರಿಗೆಲ್ಲ ಗೊತ್ತು. ಋಷಿ ಅಡುಗೆಮನೆ ಕಂಡಿಲ್ಲ. ನಾನು ಕನ್ನಡಕ ಹುಡುಕುವುದರೊಳಗೆ ಅಂಗಿ-ಪ್ಯಾಂಟನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಗೋಡೆಗಿದ್ದ ಸಾಬೂನಿನ ಬಾಟ್ಲಿ ಒತ್ತಿ ಒತ್ತಿ ಸುರಿದುಬಿಟ್ಟ. ತಮ್ಮ ಮಾಡಿದ್ದನ್ನು ಅಕ್ಕ ಮಾಡದೆ ಬಿಟ್ಟಾಳೆಯೇ? ಫ್ರಾಕಿಗೂ ಆಯಿತು.

"ಅಜ್ಜಿ," ಎಂದು ಬಚ್ಚಲಿನಿಂದ ಇಂಪನಾ ಕೂಗಿದಳು. "ಕೆಂಪಾತು."

ಅಂಗಿ ಹೊರಗೆ ಬಂದಾಗ ಅದನ್ನು ತೊಟ್ಟವನನ್ನು ಯಾರೋ ಚೆನ್ನಾಗಿ ಬಡಿದು ಕಳಿಸಿದಂತೆ ಕಾಣುತ್ತಿತ್ತು.

ನಾನು ಹೆದರಲಿಲ್ಲ. ಅರಿಶಿನದ ಕಲೆಗೆ ಔಷಧವೂ ನನಗೆ ಗೊತ್ತು: ಬಿಸಿಲು. ನೀರಲ್ಲಿ ಜಾಲಿಸಿ ಬಿಸಿಲಿಗೆ ಹಿಡಿದರೆ ಕಲೆ ತಾನೇ ಹಾರಿಹೋಗುತ್ತದೆ. ನಮ್ಮ ಕೋಣೆಗೆ ಒಂದು ಪುಟ್ಟ ಬಾಲ್ಕನಿ ಇತ್ತು, ಬಿಸಿಲು ಇನ್ನೂ ಚುರುಕಾಗಿತ್ತು. ಕಂಬಿಯ ಹತ್ತಿರ ಅಂಗಿಯ ಚಿತ್ರ ಬರೆದು, ಅದರ ಮೇಲೆ ಅಡ್ಡ ಗೆರೆ ಎಳೆದ ಕಾಗದ ಅಂಟಿಸಿದ್ದರು. ಬಟ್ಟೆ ಒಣಹಾಕುವ ಜಾಗ ಇದೇ ಎಂದು ತೋರಿಸಲು ಎಷ್ಟು ಅನುಕೂಲ ಮಾಡಿದ್ದಾರೆ ಅನಿಸಿತು. ಆದರೆ ಕ್ಲಿಪ್ಪು ಇಟ್ಟಿರಲಿಲ್ಲ. ಅದಕ್ಕೆ ನಮ್ಮ ಮನೆಯವರನ್ನೇ ನಿಲ್ಲಿಸಿದೆ. ಒಂದು ಕೈಯಲ್ಲಿ ಅಂಗಿ-ಪ್ಯಾಂಟು, ಇನ್ನೊಂದು ಕೈಯಲ್ಲಿ ಫ್ರಾಕು.

"ಬಿಡಬ್ಯಾಡ್ರಿ."

"ಸೀರಿ ಹಿಡದ ಕೈ ಇದು. ಫ್ರಾಕ್ ಬಿಡತದೇನು?"

ನಾನು ಒಳಗೆ ಬಂದು ಇಂಪನಾಳ ತಲೆ ಬಾಚುತ್ತಿದ್ದೆ. ಒಂದು ಸೀನು ಕೇಳಿಸಿತು.

"ಹೋತು," ಅಂದರು ಹೊರಗಿನಿಂದ.

"ಏನ ಹೋತು?"

"ಫ್ರಾಕು."

"ಎಲ್ಲಿಗೆ?"

"ಗೋವಾದ ಕಡೆ ಹೊಂಟೇದ."

ಓಡಿ ಹೋಗಿ ನೋಡಿದೆ. ಅಷ್ಟು ದೊಡ್ಡ ಅರಬೀ ಸಮುದ್ರದಲ್ಲಿ ನಮ್ಮ ಫ್ರಾಕು ತೋಳು ಚಾಚಿಕೊಂಡು ಆರಾಮವಾಗಿ ತೇಲುತ್ತಿತ್ತು. ಕಲೆ ಮಾತ್ರ ಹೋಗಿತ್ತು, ಅಥವಾ ಅಷ್ಟು ದೂರದಿಂದ ಕಾಣಿಸಲಿಲ್ಲ. ಇತ್ತ ಅಂಗಿ-ಪ್ಯಾಂಟು ಕೆಂಪು ಬಿಟ್ಟು ಹಳದಿಗೆ ಬಂದಿದ್ದವು. ಬಿಳುಪಿಗೆ ಬರಲು ಇನ್ನೊಂದು ಸೂರ್ಯ ಬೇಕಾಗಿತ್ತು. ಇದ್ದ ಸೂರ್ಯ ಆಗಲೇ ಕೆಳಗಿಳಿಯುತ್ತಿದ್ದ.

ಇಂಪನಾಳ ಕಣ್ಣು ತುಂಬಿಬಂತು. "ಅಜ್ಜಿ, ಮಮ್ಮೀನ್ನ ಕರೀಲೇನು?"

"ಬ್ಯಾಡ."

"ನಾವು ಕೆಳಗಿನ ಹಾಲಿನ್ಯಾಗ ಉಣ್ಣಬೇಕೇನು?"

"ನನ್ನ ಜೀವ ಇರೂ ತನಕ ಇಲ್ಲ."

ಮಾತೇನೋ ಆಡಿದೆ. ಆದರೆ ನಾವು ಉಡಬೇಕಾದದ್ದನ್ನೂ ಅವರ ಮಾಸಿದ ಧೋತರವನ್ನೂ ಬಿಟ್ಟರೆ ಕೋಣೆಯಲ್ಲಿ ಎಲ್ಲಿ ಹುಡುಕಿದರೂ ಬಿಳಿ ಅಂತ ಇದ್ದದ್ದು ಋಷಿಯ ಬನಿಯನ್ನು, ಇಂಪನಾಳ ಟೀ ಶರ್ಟು, ನಮ್ಮಿಬ್ಬರ ಕೂದಲು. ಮೇಲೆ ಹೋಗಿ ಸೊಸೆಯನ್ನು ಕರೆದರೆ ಸೂರ್ಯನಿಗಿಂತ ಮೊದಲು ನಾನು ಮುಳುಗುತ್ತೇನೆ. ಕರೆಯದಿದ್ದರೆ ಮಕ್ಕಳು ಕೆಳಗಿನ ಹಾಲಿಗೆ.

ಆಗ ನಮ್ಮ ಮನೆಯವರು ಋಷಿಯ ಗಾದಿಯ ಹತ್ತಿರ ನಿಂತು, ಹಾಸಿದ್ದ ಚಾದರದ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕುತ್ತಿದ್ದರು. ಸೀರೆ ಅಂಗಡಿಯ ಹಳೆಯ ಅಭ್ಯಾಸ.

"ಮಾಲ ಭಾಳ ಛಲೋ ಅದ," ಅಂದರು. "ಅಗಲನೂ ಅದ. ಇಂಥಾದ್ದು ನಮ್ಮ ಅಂಗಡಿಯಾಗ ಬಂದಿದ್ರ ಸಂಜಿ ತನಕ ಉಳೀತಿದ್ದಿಲ್ಲ."

ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಇಬ್ಬರಿಗೂ ಒಂದೇ ವಿಚಾರ ಒಂದೇ ಗಳಿಗೆಗೆ ಬಂತು.

ಮಕ್ಕಳ ಎರಡೂ ಗಾದಿಯ ಚಾದರ ಎಳೆದೆವು. ಅವರು ಋಷಿಗೆ ಕಚ್ಚೆ ಹಾಕಿ ಧೋತರ ಉಡಿಸಿದರು. ಚಾದರ ದೊಡ್ಡದು, ಹುಡುಗ ಸಣ್ಣವನು. ಮಡಚಿ ಮಡಚಿ ಸೊಂಟಕ್ಕೆ ಸಿಕ್ಕಿಸಿದಾಗ ಅವನ ನಡು ಅಮರನ ನಡುವಿನಷ್ಟಾಯಿತು. ಬನಿಯನ್ ಮೇಲೆ ಹಡಗಿನವರ ಟವೆಲ್ಲೇ ಶಲ್ಯ. ನಾನು ಇಂಪನಾಳಿಗೆ ಟೀ ಶರ್ಟಿನ ಮೇಲೆ ಸೀರೆ ಉಡಿಸಿದೆ, ನೆರಿಗೆ ಹಿಡಿದೆ. ಚಾದರದ ಒಂದು ತುದಿಗೆ ನೀಲಿ ನೂಲಿನಲ್ಲಿ ಇಂಗ್ಲಿಷ್ ಅಕ್ಷರ ನೇಯ್ದಿದ್ದರು. ನೋಡಲು ಚೆನ್ನಾಗಿತ್ತು. ಅದನ್ನು ಬೇಕೆಂದೇ ಸೆರಗಿಗೆ ತಂದೆ.

"ಅಜ್ಜಿ, ಇದು ಹಡಗಿನ ಹೆಸರು," ಅಂದಳು ಇಂಪನಾ.

"ಇರಲಿ. ಇಳಕಲ್ಲ ಸೀರಿಗೆ ಊರಿನ ಹೆಸರ ಇರ್ತದಲ್ಲ, ಹಂಗ."

"ನಡಿಯಾಕ ಬರವಲ್ತು," ಅಂದ ಋಷಿ.

"ದೊಡ್ಡ ಮಂದಿ ನಿಧಾನಕ್ಕ ನಡೀತಾರ," ಅಂದರು ಅಜ್ಜ.

ಮೇಲಿನ ಊಟದ ಹಾಲಿನ ಬಾಗಿಲಲ್ಲಿ ಕೋಟು ಹಾಕಿದವನೊಬ್ಬ ಎಲ್ಲರ ಬಟ್ಟೆ ನೋಡಿ ಒಳಗೆ ಬಿಡುತ್ತಿದ್ದ. ನಮ್ಮ ಮಕ್ಕಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ಇಂಪನಾಳ ಸೆರಗು ಸರಿ ಮಾಡಿದೆ. ಅವನು ಎದೆಯ ಮೇಲೆ ಕೈ ಇಟ್ಟು ಬಗ್ಗಿ, "ವಾಹ್" ಅಂದ. ಒಳಗೆ ಹೋದರೆ ಬಿಳಿ ಗೌನು, ಬಿಳಿ ಪ್ಯಾಂಟುಗಳ ನಡುವೆ ನಮ್ಮವರೇ ರಾಜ ರಾಣಿ. ಒಬ್ಬ ಮರಾಠಿ ಹೆಂಗಸು ಫೋಟೋ ತೆಗೆದುಕೊಂಡಳು. ಇನ್ನೊಬ್ಬಳು ಸೆರಗು ಮುಟ್ಟಿ, "ಇದು ಯಾವ ಊರಿನ ಖಾದಿ?" ಎಂದು ಕೇಳಿದಳು. "ನಮ್ಮ ಕಡೇದು," ಅಂದೆ. ಹೆಚ್ಚು ಹೇಳಲು ಹೋಗಲಿಲ್ಲ. ಕಿಟಕಿ ಪಕ್ಕದ ಮೇಜಿಗೆ ಹೋಗಿ, ದಂಡು ಗೆದ್ದು ಬಂದವಳ ಹಾಗೆ ಕೂತೆ.

ಅಮರನೂ ರಂಜನಾನೂ ಬಂದರು. ಆಕೆಯ ಮುಖ ನೋಡಬೇಕಿತ್ತು, ನಿದ್ದೆ ಮಾಡಿ ಎದ್ದವಳ ಹಾಗೆ ತಿಳಿಯಾಗಿತ್ತು. ಮಕ್ಕಳನ್ನು ನೋಡಿ ನಿಂತುಬಿಟ್ಟಳು.

"ಅತ್ತಿ, ಇದೇನ್ರಿ?"

"ಆ ಫ್ರಾಕು, ಪ್ಯಾಂಟು ಎಲ್ಲಾರೂ ಹಾಕ್ಕೊಂಡ ಬರ್ತಾರ. ನಮ್ಮ ಮಕ್ಕಳು ಬ್ಯಾರೆ ಕಾಣಲಿ ಅಂತ ಸ್ವಲ್ಪ ವಿಚಾರ ಮಾಡಿದೆ."

"ಭಾಳ ಛಂದ ಕಾಣತಾರ," ಅಂದ ಅಮರ. ಅವನಿಗೆ ಬಟ್ಟೆ ತಿಳಿಯುವುದಿಲ್ಲ.

ಅಷ್ಟರಲ್ಲಿ ನಮ್ಮ ಕೋಣೆಯ ಹಾಸಿಗೆ ಹಾಸುವ ಮನುಷ್ಯ ಮೇಜಿನ ಹತ್ತಿರ ಬಂದ. ಬಹಳ ಮರ್ಯಾದೆಯವನು. ಹಿಂದಿಯಲ್ಲಿ ಮೆಲ್ಲಗೆ, "ಮಾಜೀ, ಅವಸರವೇನಿಲ್ಲ, ಉಂಡಾದ ಮೇಲೆ ಹುಡುಗನನ್ನೂ ಹುಡುಗಿಯನ್ನೂ ಕಳಿಸಿದರೆ ಹಾಸಿಗೆ ಹಾಸಿಬಿಡುತ್ತೇನೆ," ಅಂದು ಹೋದ.

ನಮ್ಮ ಮನೆಯವರು ಕಿಟಕಿಯಿಂದ ಹೊರಗೆ ಸಮುದ್ರ ನೋಡತೊಡಗಿದರು, ಬಹುಶಃ ಫ್ರಾಕು ಕಾಣಬಹುದೆಂದು. ಋಷಿ ಮಾತ್ರ ತಡೆಯಲಾರದೆ ಕಪ್ಪು, ಸಾಬೂನು, ಅಜ್ಜನ ಸೀನು ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸಿದ.

ರಂಜನಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕಣ್ಣೊರೆಸಿಕೊಂಡು ಕೇಳಿದಳು. "ಋಷಿ ಉಟ್ಟಿದ್ದು ಅವನ ಗಾದಿ ಮ್ಯಾಲಿನ ಚಾದರೇನ್ರಿ?"

"ಹೌದು."

"ಗಾದಿ ಎತ್ತಿ ನೋಡಲಿಲ್ಲೇನ್ರಿ?"

"ಚಾದರ ಎಳಿಯಾಕ ಗಾದಿ ಯಾಕ ಎತ್ತಬೇಕು?"

"ಇಬ್ಬರದೂ ಇನ್ನೊಂದ ಜೋಡಿ ಬಿಳಿ ಬಟ್ಟಿ ಅದರ ಕೆಳಗ ಅದಾವ್ರಿ. ಹಡಗಿನ್ಯಾಗ ಇಸ್ತ್ರಿ ಪೆಟಗಿ ತರಾಕ ಬಿಡೂದಿಲ್ಲ. ಗಾದಿ ಕೆಳಗ ಇಟ್ರ ಗೆರಿ ಛಲೋ ಬೀಳತದ ಅಂತ ನೀವ ಕಲಿಸೀರಲ್ರಿ ನನಗ."

"ಇನ್ನೊಂದ ಜೋಡಿ ಯಾಕ ತಂದಿ?"

"ಹೊಸಾ ಬಟ್ಟಿ ನಿಮ್ಮ ಕೈಯಾಗ ಕೊಟ್ಟ ಮ್ಯಾಲ ಇನ್ನೊಂದ ಜೋಡಿ ಇರಬೇಕ್ರಿ. ಇಂಪನಾನ ತೊಟ್ಟಲದ ಅಂಗಿ ಹಳದಿ, ಋಷಿ ಸಾಲಿ ಅಂಗಿ ಹಳದಿ, ಇವರ ಹಬ್ಬದ ಅಂಗಿ ಹಳದಿ."

"ಒಂದ ಮಾತ ಹೇಳಬಾರದೇನು ಮೊದಲ?"

"ಹೇಳಿದ್ರ ಅವಕ್ಕೂ ಹಚ್ಚತಿದ್ರಿ."

ಅತ್ತೆ ಅನ್ನಿಸಿಕೊಂಡ ಮೇಲೆ ಸುಮ್ಮನೆ ಸೋಲುವುದು ಹೇಗೆ? ಉಳಿದಿದ್ದ ಒಂದೇ ಒಂದು ಅಸ್ತ್ರವನ್ನು ತೆಗೆದೆ.

"ಅಂದ್ರ ಆ ಹೊಸಾ ಬಟ್ಟಿ ಹಂಗ ತೊಡಸಾಕಿದ್ದಿ. ಅರಿಷಿಣ ಇಲ್ಲ, ಏನಿಲ್ಲ."

ರಂಜನಾ ಮಗನ ಧೋತರದ ಸಡಿಲಾದ ಗಂಟನ್ನು ಬಿಗಿ ಮಾಡುತ್ತ, ತಲೆ ಎತ್ತದೆ ಹೇಳಿದಳು.

"ಅವಕ್ಕ ನಾನ ಹಚ್ಚೀನ್ರಿ ಅತ್ತಿ, ಕಾಲರ್ ಒಳಗ. ನೀವೆಲ್ಲೆ ಮರೀತೀರೋ ಅಂತ."