ತಪಾಸಣೆಗೆ ಸಜ್ಜಾದ ಮೂಗು

ಲೋಕದಲ್ಲಿ ಹೆಂಗಸರು ಗಂಡನ ಕುಡಿತ, ಜೂಜು, ಸಿಟ್ಟು ಅಂತ ಏನೇನನ್ನೋ ಸಹಿಸಿಕೊಂಡಿದ್ದಾರೆ. ನಾನು ಸಹಿಸಿಕೊಂಡಿರುವುದು ಒಂದು ಮೂಗನ್ನು. ಬರೀ ಮೂಗು ತಾನೇ ಎಂದು ನೀವು ಮೂಗು ಮುರಿಯಬೇಡಿ. ನನ್ನ ಗಂಡ ರಾಯ್ಸ್ ಸಾರ್ಜೆಂಟ್ ಆಗಿ ಸೈನ್ಯದಿಂದ ನಿವೃತ್ತನಾದ. ಅವನ ಮೂಗು ಇನ್ನೂ ನಿವೃತ್ತವಾಗಿಲ್ಲ. ನಮ್ಮ ಲಾಟನ್ ಊರಿನ ಪಕ್ಕದಲ್ಲೇ ಫಿರಂಗಿ ಪಡೆಯ ಶಿಬಿರವಿದೆ. ಬೆಳಗ್ಗೆ ಢಮ್ಮೆಂದು ಸದ್ದಾದರೆ ಅದು ಶಿಬಿರದ ಫಿರಂಗಿಯೋ ರಾಯ್ಸನ ಸೀನೋ ಎಂದು ನೆರೆಮನೆಯವರು ಪಂದ್ಯ ಕಟ್ಟುತ್ತಾರೆ. ಎರಡು ಸಣ್ಣ ಹೊಳ್ಳೆಗಳಿಂದ ಇಷ್ಟು ದೊಡ್ಡ ಶಬ್ದ ಹೇಗೆ ಬರುತ್ತದೆ ಎಂದು ಮದುವೆಯಾದಾಗಿನಿಂದ ನಾನು ಬೆರಗಾಗುತ್ತಲೇ ಇದ್ದೇನೆ.

ಮೂಗು ಕೆಟ್ಟದ್ದು ಇರಾಕಿನಲ್ಲಿ, ನಮ್ಮ ಮದುವೆಗೆ ಮೊದಲು. ಅಲ್ಲಿ ಶಿಬಿರದ ಕಸವನ್ನೆಲ್ಲ, ಅಂದರೆ ಟೈರು, ಪ್ಲಾಸ್ಟಿಕ್ಕು, ಸತ್ತ ಬ್ಯಾಟರಿ ಎಲ್ಲವನ್ನೂ, ಒಂದು ಮಹಾಹೊಂಡಕ್ಕೆ ಸುರಿದು ವಿಮಾನದ ಎಣ್ಣೆ ಹುಯ್ದು ಸುಡುತ್ತಿದ್ದರಂತೆ. ಆ ಹೊಂಡದ ಉಸ್ತುವಾರಿ ರಾಯ್ಸನದು. ಅಲ್ಲಿಂದ ಬಂದವನಿಗೆ ಹಣೆ ಸಿಡಿತ, ಕೆನ್ನೆ ಊತ, ಹಸಿರು ಸಿಂಬಳ (ಊಟ ಮಾಡುತ್ತ ಓದುತ್ತಿದ್ದರೆ ಕ್ಷಮಿಸಿ). ಆಗಾಗ ಹಾಸಿಗೆ ಹಿಡಿದುಬಿಡುತ್ತಾನೆ. ಇದು ಸೇವೆಯಲ್ಲೇ ಕೆಟ್ಟ ಮೂಗು ಎಂದು ಸರ್ಕಾರ ಒಪ್ಪಿಕೊಂಡರೆ ಆಪರೇಷನ್ನಿನವರೆಗೆ ಎಲ್ಲ ಅದರದೇ ಹೊಣೆ. ಆದರೆ ಮೊದಲನೇ ಅರ್ಜಿ ವಜಾ ಆಗಿತ್ತು. ಯಾಕೆ ಗೊತ್ತೇ? ಪರೀಕ್ಷೆ ಮಾಡಿದ ಡಾಕ್ಟರು "ಹೇಗಿದ್ದೀರಿ?" ಎಂದು ಕೇಳಿದರೆ ಈ ಪುಣ್ಯಾತ್ಮ ಎದೆಯುಬ್ಬಿಸಿ "ಫಸ್ಟ್ ಕ್ಲಾಸ್, ಸರ್!" ಎಂದಿದ್ದ. ಅವರು ಹಾಗೆಯೇ ಬರೆದುಕೊಂಡರು.

ಎರಡನೇ ಸಲ ಅರ್ಜಿ ಹಾಕಿಸಿದವರು ಬೋಡ್ರಿ ಎಂಬ ಹಿರಿಯರು. ವಿಯೆಟ್ನಾಮಿನಲ್ಲಿ ಕಾದಾಡಿ ಬಂದವರು, ಈಗ ಮಾಜಿ ಸೈನಿಕರ ಸಂಘದ ಕಚೇರಿಯಲ್ಲಿ ಕೂತು ಎಲ್ಲರ ಅರ್ಜಿಗೂ ದಾರಿ ತೋರಿಸುತ್ತಾರೆ. ಮೂಗಿನ ಸೈನಸ್ ಕಾಯಿಲೆಗೆ ಸರ್ಕಾರ ಮಾಡಿರುವ ನಿಯಮಗಳನ್ನು ಅವರು ಕಣ್ಣು ಮುಚ್ಚಿ ಮಂತ್ರದಂತೆ ಹೇಳುವುದನ್ನು ಕೇಳಿ ನನ್ನ ಕೈ ತಾನಾಗಿ ಮುಗಿದುಕೊಳ್ಳುವುದೊಂದು ಬಾಕಿ.

"ನೋಡಮ್ಮ ಡೋರೀನ್," ಎಂದರು. "ಸೈನಿಕರ ಜಾತಿಯೇ ಹೀಗೆ. ಕಾಲು ಮುರಿದು ಬಿದ್ದಿದ್ರೂ 'ಪರವಾಗಿಲ್ಲ ಸರ್' ಅಂತಾರೆ. ಇವನಿಗೆ ಒಂದೇ ಮಾತು ಕಲಿಸು. ತೀರಾ ಕೆಟ್ಟ ದಿನ ಹೇಗಿರುತ್ತೆ ಅಂತ ಇದ್ದದ್ದು ಇದ್ದ ಹಾಗೆ ಹೇಳ್ಲಿ. ಸುಳ್ಳು ಬೇಡ, ಶೌರ್ಯಾನೂ ಬೇಡ."

ಕಲಿಸಿದೆ. ಗಿಣಿಗೆ ಕಲಿಸಿದ ಹಾಗೆ ಕಲಿಸಿದೆ. ಪರೀಕ್ಷೆಯ ದಿನ ಬೆಳಗ್ಗೆ ಎದ್ದರೆ ಬಚ್ಚಲಿನಿಂದ ಗೊಳಗೊಳ ಸದ್ದು. ಹೋಗಿ ನೋಡುತ್ತೇನೆ, ಗರಿಗರಿ ಇಸ್ತ್ರಿಯ ಅಂಗಿ, ಮುಖ ಕಾಣುವಂತೆ ಮಿರುಗುವ ಬೂಟು, ಕೈಯಲ್ಲಿ ಉಪ್ಪುನೀರಿನ ಗಿಂಡಿ!

"ಏನ್ ಮಾಡ್ತಿದ್ದೀಯೋ ಮಾರಾಯ?"

"ಮೂಗು ತೊಳೀತಿದ್ದೀನಿ. ಸ್ಪ್ರೇ ಹೊಡೆದಾಯ್ತು, ಮಾತ್ರೆ ನುಂಗಿದ್ದಾಯ್ತು. ಬಾ, ಒಳಗೆ ಒಂದು ಧೂಳಿನ ಕಣ ಇದ್ರೆ ತೋರಿಸು ನೋಡೋಣ."

"ಅಯ್ಯೋ! ಇವತ್ತು ಯಾಕೆ ತೊಳೆದೆ? ಅವರು ನೋಡ್ಬೇಕಾಗಿರೋದೇ ಆ ಕೊಳಕನ್ನ!"

"ತಪಾಸಣೆ ಕಣೇ! ಒಳಗೆ ದೀಪ ಬಿಟ್ಟು ನೋಡ್ತಾರಂತೆ. ಕೊಳಕು ಮೂಗು ಹೊತ್ಕೊಂಡು ಯಾವ ಸೈನಿಕನಾದ್ರೂ ತಪಾಸಣೆಗೆ ಹೋಗ್ತಾನಾ? ಬಂದೂಕಿನ ನಳಿಗೇಲಿ ಒಂಚೂರು ಮಸಿ ಕಂಡ್ರೂ ನಮ್ಮ ಕ್ಯಾಪ್ಟನ್ ಮೈದಾನ ಸುತ್ತಿಸ್ತಿದ್ದ."

ತಲೆ ಚಚ್ಚಿಕೊಂಡೆ. ವರ್ಷವಿಡೀ ನಲ್ಲಿಯಂತೆ ಸುರಿಯುವ ಮೂಗು ಸರಿಯಾಗಿ ಇವತ್ತೇ ಪಾಲಿಶ್ ಮಾಡಿದ ಹಿತ್ತಾಳೆಯಂತೆ ಹೊಳೆಯುತ್ತಿತ್ತು! ಆಗ ನನ್ನ ತಲೆಯಲ್ಲಿ ಒಂದು ದಿವ್ಯ ಉಪಾಯ ಹುಟ್ಟಿತು. ನನ್ನ ನಾದಿನಿ ಕೊಟ್ಟಿದ್ದ ಒಂದು ಸೆಂಟಿನ ಬಾಟಲಿ ಕಪಾಟಿನ ಮೂಲೆಯಲ್ಲಿತ್ತು. ಅದರ ಮುಚ್ಚಳ ತೆಗೆದರೆ ಗೋಡೆಯ ಬಣ್ಣ ಸುಲಿಯುತ್ತದೆ. ಇದರ ಘಾಟಿಗೆ ಡಾಕ್ಟರ ಮುಂದೆ ಅವನ ಮೂಗು ಸುರಿಯಲೇಬೇಕು ಎಂದು ಅದನ್ನು ಮೈತುಂಬ ಹೊಡೆದುಕೊಂಡೆ, ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡೆ. (ಇದು ಮೋಸವಲ್ಲ. ಮಲಗಿರುವ ಸತ್ಯವನ್ನು ಎಬ್ಬಿಸುವುದು, ಅಷ್ಟೇ.)

ಡಾಕ್ಟರ್ ಪಚೆಕೊ ಗಂಭೀರ ಹೆಂಗಸು. ದೀಪ ಬಿಟ್ಟು ನೋಡಿ, "ತುಂಬಾ ಸ್ವಚ್ಛವಾಗಿದೆ," ಎಂದರು. ರಾಯ್ಸನ ಮುಖ ಪದಕ ಸಿಕ್ಕಿದವನಂತೆ ಅರಳಿತು.

"ಹೇಗಿದ್ದೀರಿ, ಸಾರ್ಜೆಂಟ್?"

"ಚೆನ್ನಾಗಿದ್ದೀನಿ, ಮೇಡಂ!"

ಗಿಣಿ ಹಾರಿಹೋಯಿತು. ನಾನು ಮೇಜಿನ ಕೆಳಗೆ ಅವನನ್ನು ಒದೆಯಲು ಕಾಲೆತ್ತಿದೆ. ಚೀಲ ಜಾರಿತು. ಒಳಗೆ ಬಾಟಲಿ ಫಟ್ಟೆಂದಿತು.

ಆಮೇಲೆ ನಡೆದದ್ದನ್ನು ಯುದ್ಧವರದಿಯಂತೆ ಹೇಳಬೇಕು. ಮೊದಲು ನಾನು ಬಿದ್ದೆ: ಸೀನು, ಕೆಮ್ಮು, ಕಣ್ಣಲ್ಲಿ ಧಾರೆ. ನಂತರ ಡಾಕ್ಟರು ಕರವಸ್ತ್ರ ಹಿಡಿದು ಕಿಟಕಿಯತ್ತ ಓಡಿದರು. ಅದು ತೆರೆಯುವ ಕಿಟಕಿಯಲ್ಲ. ಹೊರಗಿನಿಂದ ನರ್ಸು ಬಾಗಿಲು ತೆಗೆದು, ತಕ್ಷಣ ಮುಚ್ಚಿದಳು. ಈ ಪ್ರಳಯದ ನಡುವೆ ರಾಯ್ಸ್ ಮಾತ್ರ ಬೆನ್ನು ನೆಟ್ಟಗೆ ಮಾಡಿ, ಮೊಣಕಾಲ ಮೇಲೆ ಕೈಯಿಟ್ಟು ಬುದ್ಧನಂತೆ ಕೂತಿದ್ದ.

ಡಾಕ್ಟರು ಕಣ್ಣೊರೆಸಿಕೊಂಡು ಅವನನ್ನೇ ನೋಡಿದರು. "ಸಾರ್ಜೆಂಟ್, ಈ ವಾಸನೆ ನಿಮಗೆ ತಡೆಯೋಕಾಗ್ತಿದೆಯಾ?"

"ಯಾವ ವಾಸನೆ, ಮೇಡಂ?"

ಡಾಕ್ಟರು ಕರವಸ್ತ್ರ ಕೆಳಗಿಟ್ಟರು. ಅವನ ಕಣ್ಣು ಮುಚ್ಚಿಸಿ ಕಾಫಿಪುಡಿ ಹಿಡಿದರು, ಲವಂಗ ಹಿಡಿದರು, ಕಿತ್ತಳೆ ಸಿಪ್ಪೆ ಹಿಡಿದರು. ಎಲ್ಲಕ್ಕೂ "ಗೊತ್ತಾಗ್ತಿಲ್ಲ, ಮೇಡಂ."

"ಯಾವಾಗಿಂದ ಹೀಗೆ?"

"ಆ ಹೊಂಡದ ಕೆಲಸ ಮಾಡಿದಾಗಿಂದ, ಮೇಡಂ."

"ಹೋದ ಸಲ ಯಾಕೆ ಹೇಳಲಿಲ್ಲ?"

"ಹೇಗಿದ್ದೀಯ ಅಂತ ಕೇಳಿದ್ರು, ಮೇಡಂ. ಮೂಸಿ ನೋಡು ಅಂತ ಯಾರೂ ಹೇಳ್ಲಿಲ್ಲ."

ಡಾಕ್ಟರು ಅವತ್ತೇ ಸ್ಕ್ಯಾನ್ ಮಾಡಿಸಿದರು. ಎಷ್ಟು ತೊಳೆದರೂ ನೀರು ಮುಟ್ಟದಷ್ಟು ಮೇಲೆ ಗಂಟುಗಳು ಬೆಳೆದು ದಾರಿಯನ್ನೇ ಮುಚ್ಚಿದ್ದವು. ನಾನು ಆ ಚಿತ್ರ ನೋಡುತ್ತ ಮೂಗಿನ ಮೇಲೆ ಬೆರಳಿಟ್ಟುಕೊಂಡೆ. ಇಷ್ಟನ್ನು ತಲೆಯೊಳಗೆ ಹೊತ್ತುಕೊಂಡು ಒಬ್ಬ ಮನುಷ್ಯ ಹುಲ್ಲು ಕತ್ತರಿಸುತ್ತಾನೆ, ಟ್ರಕ್ಕು ರಿಪೇರಿ ಮಾಡುತ್ತಾನೆ, ಹುಟ್ಟುಹಬ್ಬಕ್ಕೆ ಹಾಡುತ್ತಾನೆ!

ವಾಪಸು ಬರುತ್ತ ಟ್ರಕ್ಕಿನಲ್ಲಿ ನನಗೆ ಇದ್ದಕ್ಕಿದ್ದಂತೆ ಹೊಳೆಯಿತು.

"ರಾಯ್ಸ್, ದಿನಾ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು, ಉಸಿರೆಳೆದು, 'ಏನ್ ಘಮ ಘಮ ಅಂತಿದೆ ಡೋರೀನ್' ಅಂತೀಯಲ್ಲ?"

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಅಷ್ಟೊತ್ತು ಒಲೆ ಮುಂದೆ ನಿಂತಿರ್ತೀಯ. ಯಾರಾದ್ರೂ ಅನ್ನಬೇಕಲ್ಲ."

ಇಂಥ ಗಂಡನನ್ನು ಪಡೆಯಲು ನಾನೇನು ಮಾಡಿದ್ದೆ ಎಂದು ಅತ್ತುಬಿಟ್ಟೆ. (ಅರ್ಧ ಸೆಂಟಿನಿಂದ, ಅರ್ಧ ನಿಜವಾಗಿ.)

ಸರ್ಕಾರ ಒಪ್ಪಿತು. ಆಪರೇಷನ್ನೂ ಆಯಿತು. ಗಾಯ ಮಾಗುತ್ತಿದ್ದಂತೆ ಒಂದು ಮುಂಜಾನೆ ರಾಯ್ಸ್ ಸೋಪು ಹಿಡಿದುಕೊಂಡು ಬಚ್ಚಲಿನಿಂದ ಓಡಿ ಬಂದ. "ಡೋರೀನ್, ಇದು ನಿಂಬೆಹಣ್ಣು!" ಎಂದು ಕೂಗಿದ. ಅವತ್ತಿಡೀ ದಾಲ್ಚಿನ್ನಿ ಮೂಸಿದ, ಬೂಟಿನ ಪಾಲಿಶ್ ಮೂಸಿದ, ನನ್ನ ಕೂದಲು ಮೂಸಿ, ಮತ್ತೊಮ್ಮೆ ಮೂಸಿದ. ನಾವಿಬ್ಬರೂ ಚಿಕ್ಕ ಮಕ್ಕಳಂತೆ ಒಂದೊಂದು ಡಬ್ಬಿ ತೆಗೆದು ಬೆರಗಾದೆವು. ಈ ಮಹಾಸಂಭ್ರಮಕ್ಕೆ ತಕ್ಕ ಊಟ ಬೇಡವೇ? ನಮ್ಮಮ್ಮನಿಂದ ಬಂದ, ಇಡೀ ವಂಶಕ್ಕೇ ಹೆಸರು ತಂದ ಎಲೆಕೋಸು ಮತ್ತು ಹಂದಿಮಾಂಸದ ಸಾರನ್ನು ಮಧ್ಯಾಹ್ನದಿಂದ ಸಣ್ಣ ಉರಿಯಲ್ಲಿ ಕುದಿಸಿದೆ. ಸಂಜೆ ಅವನು ಬಾಗಿಲಿಗೆ ಬರುವ ಹೊತ್ತಿಗೆ ಮುಚ್ಚಳ ತೆಗೆದು, ತಲೆ ಬಾಚಿಕೊಂಡು ಕಾದು ನಿಂತೆ. ಇಷ್ಟು ವರ್ಷಗಳ ನಂತರ ಮೊದಲ ಸಲ ನನ್ನ ಅಡುಗೆಯ ಪರಿಮಳ ನನ್ನ ಗಂಡನಿಗೆ!

ರಾಯ್ಸ್ ಬಂದ. ಹೊಸ್ತಿಲಲ್ಲೇ ನಿಂತ. ಉಸಿರೆಳೆದ. ಕಣ್ಣು ಅಗಲವಾಯಿತು.

"ಡೋರೀನ್, ಅಲ್ಲಾಡಬೇಡ," ಎಂದ ಮೆಲ್ಲಗೆ. "ಒಲೆ ಹಿಂದೆ ಇಲಿ ಸತ್ತಿದೆ. ಎರಡೋ ಮೂರೋ ಇರಬೇಕು."

ಅವನು ಟಾರ್ಚು ತಂದು ನೆಲದ ಮೇಲೆ ಮಂಡಿಯೂರಿದ. ನಾನು ಪಾತ್ರೆಯ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿ, ಅವನ ಪಕ್ಕದಲ್ಲೇ ಮಂಡಿಯೂರಿ ಇಲಿ ಹುಡುಕತೊಡಗಿದೆ.