ಸ್ಪೋರ್ಟ್ಸ್ ಕಾರಿಗೆ ಗಂಜಿ ಹಾಕಿದ್ದು

ವಾಹನ ಚಾಲನೆಯಲ್ಲಿ ನನಗಿರುವ ಅನುಭವವನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಮೂವತ್ತು ವರ್ಷ ಒಂದೇ ಮೊಪೆಡ್ ಓಡಿಸಿದ್ದೇನೆ. ನೇಕಾರರ ಮನೆಗಳಿಂದ ನನ್ನ ಅಂಗಡಿಗೆ ಸೀರೆಯ ಗಂಟು ಹೊರುವುದು ಅದರ ಕೆಲಸ, ಅದನ್ನು ತಳ್ಳುವುದು ನನ್ನ ಕೆಲಸ. ಕಾರಿನ ಲೈಸೆನ್ಸೂ ಉಂಟು. ಅದು ಆಂಧ್ರಪ್ರದೇಶದ ಕಾಲದ್ದು. ಆಮೇಲೆ ತೆಲಂಗಾಣ ಬಂತು, ನಮ್ಮ ನಾರಾಯಣಪೇಟೆ ಜಿಲ್ಲೆಯೂ ಆಯಿತು. ಅಷ್ಟರಲ್ಲಿ ನಾನು ಓಡಿಸಿದ ಕಾರು ಒಟ್ಟು ಒಂದು. ಅದೂ ಡ್ರೈವಿಂಗ್ ಕಲಿಸುವವರದು, ಬ್ರೇಕು ಅವರ ಕಾಲಡಿಯೂ ಇತ್ತು.

ಇಂಥ ನನ್ನ ಮನೆಯ ಮುಂದೆ ಒಂದು ಭಾನುವಾರ ಬೆಳಿಗ್ಗೆ ಗದ್ವಾಲದ ಮಹಾದೇವ ಬಂದಿಳಿದ. ನನ್ನ ಮಗಳು ಗೌರಿಗೆ ಬಂದಿದ್ದ ಸಂಬಂಧ. ಹುಡುಗ ಮೋಟಾರು ಇಂಜಿನಿಯರು, ತಾಯಿ ಮಗ್ಗ ನೇಯುವಾಕೆ. ಗೌರಿಗೆ ಒಪ್ಪಿಗೆಯಿತ್ತು, ನನ್ನ ಹೆಂಡತಿ ಪಾರ್ವತಿಗೂ ಇತ್ತು. ಬಾಕಿ ಇದ್ದದ್ದು ನನ್ನ 'ಹೂಂ' ಒಂದೇ. ಅದನ್ನು ಕೇಳಲೆಂದೇ ಹುಡುಗ ಬಂದಿದ್ದ. ಆದರೆ ಅವನ ಕಾರು ನೋಡಿದೊಡನೆ ಆ 'ಹೂಂ' ಗಂಟಲಲ್ಲೇ ಕೂತಿತು. ಕೆಂಪು ಬಣ್ಣ, ನನ್ನ ಸೊಂಟದಷ್ಟೇ ಎತ್ತರ.

"ಹಿಂದಿನ ಸೀಟು ಎಲ್ಲೈತಪಾ?" ಎಂದು ಕೇಳಿದೆ.

"ಇಲ್ರಿ ಕಾಕಾರ. ಸ್ಪೋರ್ಟ್ಸ್ ಕಾರು ಇದು, ಎರಡೇ ಸೀಟು. ಮೂಲಿಗೆ ಬಿದ್ದಿತ್ತು, ನಾನೇ ರಿಪೇರಿ ಮಾಡೀನಿ."

ಒಂದರಲ್ಲಿ ಅವನು, ಒಂದರಲ್ಲಿ ಗೌರಿ. ಹೆತ್ತವರಿಗೆ ಜಾಗ ಎಲ್ಲಿ? ಈ ಗಂಭೀರ ಪ್ರಶ್ನೆಯನ್ನು ಅಡುಗೆಮನೆಗೆ ಹೋಗಿ ಪಾರ್ವತಿಯ ಮುಂದಿಟ್ಟೆ. ಅವಳು ಒಗ್ಗರಣೆಯಿಂದ ಕಣ್ಣೆತ್ತಲಿಲ್ಲ.

"ಅವರಿಬ್ಬರೂ ಹೋಗೋ ಕಡೆ ನಿಮಗೇನು ಕೆಲಸರೀ?"

ಉತ್ತರ ಹೊಳೆಯದಿದ್ದಾಗ ನಾನು ತನಿಖೆಗೆ ಇಳಿಯುತ್ತೇನೆ. ಹೊರಗೆ ಬಂದು, ಕಾರನ್ನು ಓಡಿಸಿ ನೋಡಿಯೇ ಹುಡುಗನ ವಿಷಯ ತೀರ್ಮಾನಿಸುವುದಾಗಿ ಘೋಷಿಸಿದೆ. ಗೌರಿ ಹಣೆ ಒತ್ತಿಕೊಂಡಳು. ಮಹಾದೇವ ಮಾತ್ರ ಬಾಗಿಲು ತೆರೆದು ಹಿಡಿದ.

ಒಳಗೆ ಕೂರುವುದೆಂದರೆ ಬಚ್ಚಲ ಹಂಡೆಯೊಳಗೆ ಇಳಿದಂತೆ. ಕಾಲು ಮುಂದೆ, ಬೆನ್ನು ಹಿಂದೆ, ಪಂಚೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಬಟನ್ ಒತ್ತಿದೆ. ದೀಪ ಬಂತು, ಸಪ್ಪಳ ಬರಲಿಲ್ಲ. ಮತ್ತೆ ಒತ್ತಿದೆ. ದೀಪವೂ ಹೋಯಿತು.

"ಮೊದಲನೇ ಸಲಾನೇ ಚಾಲೂ ಆಗಿತ್ರಿ ಕಾಕಾರ," ಎಂದ ಮಹಾದೇವ ಪಕ್ಕದ ಸೀಟಿನಿಂದ. "ಇದು ಹೈಬ್ರಿಡ್. ಸಣ್ಣಗ ಹೋಗಾಕ ಬ್ಯಾಟರಿ ಸಾಕು. ಜೋರು ಬೇಕಂದ್ರ ಪೆಟ್ರೋಲ್ ಇಂಜಿನ್ನೂ ಬಂದು ಕೈಜೋಡಿಸ್ತೈತಿ. ಬ್ರೇಕ್ ಹಿಡದ್ರ ಬ್ಯಾಟರಿ ಮತ್ತ ತುಂಬಿಕೊಂತೈತಿ."

"ಎರಡರಾಗ ಯಾರ ಮಾತು ನಡೀತೈತಿ?"

"ಇಬ್ಬರದೂ ನಡೀತೈತ್ರಿ."

ಮೂವತ್ತು ವರ್ಷದ ಸಂಸಾರದಲ್ಲಿ ಇಂಥದ್ದನ್ನು ನಾನು ಕಂಡಿಲ್ಲ. ನಂಬಿಕೆ ಬರಲಿಲ್ಲ. ಆದರೂ ಹೊರಟೆ. ನಾನು ಬ್ರೇಕು ಹಿಡಿದ ರೀತಿಗೆ ಓಣಿಯ ಮೂಲೆ ತಲುಪುವಷ್ಟರಲ್ಲಿ ಅರ್ಧ ನಾರಾಯಣಪೇಟೆಗೆ ಸಾಲುವಷ್ಟು ಕರೆಂಟು ತಯಾರಾಗಿರಬೇಕು.

"ಸಪ್ಪಳ ಇರಂಗಿಲ್ರಿ, ಹಾರನ್ ಹೊಡೀತಾ ಹೋಗ್ರಿ," ಎಂದ ಮಹಾದೇವ.

ನನಗೆ ನಗು ಬಂತು. ಮುಂದಿದ್ದದ್ದು ನೇಕಾರರ ಓಣಿ. ಅಲ್ಲಿ ಬೆಳಗಿನ ಹೊತ್ತು ಹಾಸು ಹಾಕಿರುತ್ತಾರೆ. ಹಾಸೆಂದರೆ ಸೀರೆಯ ಉದ್ದನೆಯ ನೂಲು. ಬೀದಿಯುದ್ದಕ್ಕೂ ಅದನ್ನು ಬಿದಿರು ಗಳಗಳ ಮೇಲೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತೀಡುತ್ತಾರೆ. ಎಳೆ ಎಳೆ ನೋಡಿ ಮಾಡುವ ಕೆಲಸ. ಆಗ ಹಾರನ್ ಹೊಡೆಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹೊಡೆಯುವ ಅಗತ್ಯವೂ ಇಲ್ಲ. ಗಾಡಿಯ ಸಪ್ಪಳ ಕೇಳಿದರೆ ಅವರೇ ಹಾಸನ್ನು ಬದಿಗೆ ಸರಿಸಿ ದಾರಿ ಬಿಡುತ್ತಾರೆ. ನನ್ನ ಮೊಪೆಡ್ಡಿನ ಸಪ್ಪಳವಂತೂ ದೂರದ ಮಕ್ತಲದವರೆಗೆ ಕೇಳುತ್ತದೆ. ಮೂವತ್ತು ವರ್ಷದಲ್ಲಿ ಆ ಓಣಿಯಲ್ಲಿ ನಾನು ಒಮ್ಮೆಯೂ ಹಾರನ್ ಹೊಡೆದವನಲ್ಲ.

"ನಮ್ಮ ಓಣಿ ರಿವಾಜು ನಿನಗ ಗೊತ್ತಿಲ್ಲ ಬಿಡು," ಎಂದು ಹೇಳಿ, ಅತ್ಯಂತ ಮರ್ಯಾದೆಯಿಂದ ತಿರುವು ತೆಗೆದುಕೊಂಡೆ.

ನನ್ನ ಅಂಗಡಿಗೆ ಸೀರೆ ನೇಯುವ ಈರಮ್ಮ ನಮಗೆ ಬೆನ್ನು ಮಾಡಿ ಗಂಜಿ ತೀಡುತ್ತಿದ್ದಳು. ಕೇಳಿಸುವುದಾದರೂ ಏನು? ಕಾರು ಬೆಕ್ಕಿನಂತೆ ಹೋಗಿ ಹಾಸಿನ ಕೆಳಗೆ ಮೂಗು ತೂರಿಸಿತು. ಗಳ ಬಿತ್ತು. ಹಸಿ ಗಂಜಿಯ ನೂಲೆಲ್ಲ ಬಂದು ಗಾಜಿನ ಮೇಲೆ ಕೂತಿತು. ಬ್ರೇಕು ಒತ್ತಿದೆ. ಕಾರು ನಿಂತಿತು, ಸಪ್ಪಳವಿಲ್ಲ. ಸಪ್ಪಳವಿಲ್ಲ ಎಂದಮೇಲೆ ಬಂದ್ ಆಗಿದೆ ಎಂದು ಬ್ರೇಕು ಬಿಟ್ಟು ಕೆಳಗಿಳಿದೆ. ಅದು ಬಂದ್ ಆಗಿರಲಿಲ್ಲ! ನನ್ನನ್ನು ಬಿಟ್ಟು, ಹಾಸನ್ನು ಎಳೆದುಕೊಂಡು, ತನ್ನ ಪಾಡಿಗೆ ಮುಂದೆ ಸಾಗಿತು. ಮಹಾದೇವ ಪಕ್ಕದಿಂದಲೇ ಬಗ್ಗಿ ಬಟನ್ ಒತ್ತಿ ನಿಲ್ಲಿಸಿದ. ನಿಲ್ಲಿಸದಿದ್ದರೆ ಅದು ಮಾಗನೂರು ದಾಟಿ ಕೃಷ್ಣೆಯಲ್ಲಿ ಸ್ನಾನ ಮಾಡುತ್ತಿತ್ತೇನೋ.

ಈರಮ್ಮ ತಿರುಗಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಸಾವುಕಾರ್ರ, ಇದು ಯಾರ ಹಾಸು ಗೊತ್ತೈತೇನು? ನಿಮ್ಮ ಗೌರವ್ವನ ಮದುವಿ ಸೀರಿದು. ನೀವೇ ಹೇಳಿದ್ದಲ್ಲೇನ್ರಿ?"

ನಿಜ. ವರ ಯಾರಾದರೂ ಆಗಲಿ, ಸೀರೆ ಮಾತ್ರ ಈರಮ್ಮನ ಕೈಯದೇ ಆಗಬೇಕೆಂದು ನಾನೇ ಹೇಳಿದ್ದೆ. ಆಕೆ ಎಷ್ಟೋ ದಿನ ಕೂತು ಹೂಡಿದ ನೂಲು ಅದು. ಬಿಸಿಲೇರುತ್ತಿತ್ತು. ಗಂಜಿ ಒಣಗುವುದರೊಳಗೆ ಹರಿದ ಎಳೆಗಳನ್ನು ಕೂಡಿಸದಿದ್ದರೆ ಇಡೀ ಹಾಸು ಕೆಟ್ಟಂತೆ. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಮಹಾದೇವ ತನ್ನ ಕಾರಿನ ಗೀರುಗಳ ಕಡೆ ನೋಡಲೇ ಇಲ್ಲ. ಮೊದಲು ನೂಲನ್ನು ಮೆಲ್ಲಗೆ ಕಾರಿನಿಂದ ಬಿಡಿಸಿದ. ಗಳ ನಿಲ್ಲಿಸಿ, ಬೂಟು ಕಳಚಿ ಮಣ್ಣಲ್ಲಿ ಮಂಡಿಯೂರಿದ. ಹರಿದ ಎರಡು ತುದಿ ಹಿಡಿದು, ಬೆರಳಿಗೆ ಗಂಜಿ ಮುಟ್ಟಿಸಿ ಹೊಸೆದ. ಎಳೆ ಕೂಡಿತು. ಇನ್ನೊಂದು. ಮತ್ತೊಂದು. ಈರಮ್ಮ ಅವನ ಬೆರಳುಗಳನ್ನೇ ನೋಡಿದಳು.

"ಎಲ್ಲಿ ಕಲತೀಯೋ ತಮ್ಮಾ?"

"ಅವ್ವನ ಮಗ್ಗದಾಗ ರೀ."

ಸುದ್ದಿ ಕೇಳಿ ಗೌರಿ ಓಡಿ ಬಂದು ಅವನ ಎದುರಿಗೆ ಕೂತಳು. ಆ ಕಡೆಯ ತುದಿ ಅವಳು, ಈ ಕಡೆಯದು ಅವನು. ಕೆಲಸ ಓಡುತ್ತಿತ್ತು. ಪಾಪಪರಿಹಾರಕ್ಕೆಂದು ನಾನೂ ಕೂತೆ. ಏಳು ಎಳೆ ಕೂಡಿಸಿದೆ. ಈರಮ್ಮ ಪರೀಕ್ಷೆ ಮಾಡಿ, ಏಳರಲ್ಲಿ ಮೂರು ನನ್ನ ಪಂಚೆಯ ಅಂಚಿನವು ಎಂದು ತೀರ್ಪು ಕೊಟ್ಟು, ನನ್ನನ್ನು ಕತ್ತರಿಸಿ ಹಾಸಿನಿಂದ ಬೇರೆ ಮಾಡಿದಳು.

ಊಟದ ಹೊತ್ತಿಗೆ ಹಾಸು ಉಳಿಯಿತು. ಈರಮ್ಮ ಗಂಜಿ ಮೆತ್ತಿದ ಕಾರನ್ನು ಒಮ್ಮೆ ಸುತ್ತಿ ಬಂದಳು. ಬ್ಯಾಟರಿ, ಪೆಟ್ರೋಲು ಎರಡರ ಮೇಲೂ ಓಡುತ್ತದೆಂದು ಗೌರಿ ವಿವರಿಸಿದಾಗ ತಲೆಯಾಡಿಸಿದಳು.

"ಗದ್ವಾಲ ಸೀರಿ ಇದ್ದಂಗ ಐತಿ ಬಿಡು. ಮೈ ಹತ್ತಿ, ಅಂಚು ರೇಷ್ಮಿ. ಕೂಡಸಾಕ ಬರಬೇಕು ಅಷ್ಟ."

ನಾನು ಗಂಟಲು ಸರಿಮಾಡಿಕೊಂಡು, ಬಹಳ ಗಾಂಭೀರ್ಯದಿಂದ, ಎಲ್ಲರಿಗೂ ಕೇಳುವಂತೆ "ಹೂಂ" ಎಂದೆ. ಯಾರೂ ತಿರುಗಿ ನೋಡಲಿಲ್ಲ. ಆ ವಿಷಯ ನನ್ನನ್ನು ಬಿಟ್ಟು ಎಲ್ಲರಿಗೂ ಆಗಲೇ ಮುಗಿದುಹೋಗಿತ್ತು.

ಮದುವೆ ಅದೇ ಸೀರೆಯಲ್ಲಿ ಆಯಿತು. ಮಗಳನ್ನು ಕಳಿಸುವಾಗ ನಾನು ಅಳುವುದು ನಾಲ್ಕು ಜನರಿಗೆ ಕಾಣಬಾರದೆಂದು ಒಳಕೋಣೆಯಲ್ಲಿ ತೆಂಗಿನಕಾಯಿ ಹಿಡಿದು ನಿಂತೆ. ಕಾರು ಚಾಲೂ ಆದ ಸಪ್ಪಳ ಕೇಳಿದೊಡನೆ ಕಣ್ಣೊರೆಸಿಕೊಂಡು ಹೊರಗೆ ಹೋಗಿ ಕಾರಿನ ಮುಂದೆ ಅದನ್ನು ಒಡೆಯುವುದು ನನ್ನ ಯೋಜನೆ. ಕಾದೆ. ಸಪ್ಪಳ ಬರಲಿಲ್ಲ. ಹೊರಗೆ ಬಂದಾಗ ಬೀದಿಯಲ್ಲಿ ಜಜ್ಜಿದ ಎರಡು ನಿಂಬೆಹಣ್ಣು ಮಾತ್ರ ಇದ್ದವು.

"ಎಲ್ಲಿ ಹೋಗಿದ್ರೀ? ಹುಡುಗಿ ಎಷ್ಟು ಹುಡುಕಿದಳು," ಎಂದಳು ಪಾರ್ವತಿ.

ಮಕ್ತಲ ದಾಟಿದ ಮೇಲೆ ಫೋನು ಬಂತು. "ಮಾವಾರ, ಅಲ್ಲೇ ಕಾಯಿ ಒಡೀರಿ, ನಮಗ ಕೇಳಸ್ತೈತಿ," ಎಂದ ಮಹಾದೇವ. ಒಡೆದೆ.

"ಮುಂದಿನ ಸಲ ಬರುವಾಗ ಹಾರನ್ ಹೊಡೀರಪಾ," ಎಂದೆ. "ನಮ್ಮ ಓಣ್ಯಾಗಾದ್ರೂ ಅಡ್ಡಿಯಿಲ್ಲ."

ಅಂದಿನಿಂದ ಓಣಿಯಲ್ಲಿ ಯಾರು ಹಾರನ್ ಹೊಡೆದರೂ ಮೊದಲು ಹೊರಗೆ ಓಡುವವನು ನಾನೇ. ಹೆಚ್ಚಿನ ಸಲ ಅದು ಗ್ಯಾಸ್ ಸಿಲಿಂಡರಿನ ಆಟೋ. ಹೀಗೆ ಓಡಿ ಓಡಿ, ಬರಿಗೈಲಿ ಮರಳಲು ನಾಚಿ, ಈಗ ನಮ್ಮ ಮನೆಯಲ್ಲಿ ಬೇಡದ ಸಿಲಿಂಡರು ಎರಡು ಇವೆ.